ಕಳೆ ಎನ್ನಿಸದ ಗಿಡಗಳು

ಮಾರ್ಚ್ ೪

ಪ್ರೀತಿಯ ಮೆಣಸು,

ಚೆನ್ನಾಗಿದ್ದೇವೆ ಅಂತ ಮೊದಲ ಸಾಲಿನಲ್ಲಿ ಬರೆಯುವುದು ರೂಢಿ. ಬರೆದಿದ್ದೇನೆ ಅಂದುಕೋ. ಫೋನು ಮಾಡಿದರೆ ನಿನ್ನ ನರ್ಸರಿಯ ಪಂಪು ಮಾತಾಡುತ್ತದೆಯೇ ಹೊರತು ನೀನಲ್ಲ, ಅದಕ್ಕೇ ಕಾಗದ ಹಿಡಿದೆ.

ನಮ್ಮ ಅಂಗಳಕ್ಕೆ ಗಿಡಗಳು ಬೇಕು. ಮೆಟ್ಟಿಲ ಎರಡೂ ಬದಿ ಒಂದೊಂದು ಪಾತಿ ಇದೆ, ನನ್ನ ಹೊಲಿಗೆ ಮಿಷನ್ನು ಇರುವ ಕಿಟಕಿಯ ಕೆಳಗೆ ಒಂದು ಉದ್ದನೆಯದು. ಹೂವು, ಪೊದೆ, ತರಕಾರಿ ಮೂರೂ ಇರಲಿ. ಯಾವುದು ಅಂತ ನೀನೇ ಆರಿಸು, ಅದು ನಿನ್ನ ಕಸುಬು. ನನ್ನ ಷರತ್ತು ಒಂದೇ. ನೋಡಿದ ಕೂಡಲೇ ಇದು ಯಾರೋ ಬೇಕೆಂದೇ ನೆಟ್ಟದ್ದು ಅಂತ ತಿಳಿಯಬೇಕು. ತಪ್ಪಿ ಕೂಡ ಕಳೆ ಅನ್ನಿಸಬಾರದು.

ವಿಷಯ ಏನೆಂದರೆ, ಹೋದ ವಾರ ನಿನ್ನ ಅಣ್ಣ ಒಂದು ಪಾತಿ ಚೆಂಡುಹೂವಿನ ಸಸಿಗಳನ್ನು ಪೂರ್ತಿ ಕಿತ್ತುಬಿಟ್ಟರು. ಕೋಪದಿಂದಲ್ಲ, ಬಹಳ ಶಿಸ್ತಿನಿಂದ. ಪಾರ್ಕಿನಲ್ಲಿ ಹೆಡ್ ಮಾಲಿಯಾಗಿದ್ದಾಗ ಹೇಗೆ ಕಳೆ ಕೀಳುತ್ತಿದ್ದರೋ ಹಾಗೆಯೇ, ಬೇರು ಮುರಿಯದಂತೆ ಎತ್ತಿ, ಮಣ್ಣು ಕೊಡವಿ ಗುಳಿಗೇ ಹಾಕಿ, ಬೇರು ಬಿಸಿಲಿಗೆ ಕಾಣುವಂತೆ ಸಾಲಾಗಿ ಮಲಗಿಸಿದ್ದರು. ಏನಿದು ಅಂತ ಕೇಳಿದೆ. "ನಾನು ನೆಟ್ಟಿಲ್ಲ ಅಂದ್ಮೇಲೆ ಅದು ಕಳೆ ತಾನೇ" ಅಂದರು. ನೆಟ್ಟವಳು ನಾನು. ಕನ್ನಡಕದ ನಂಬರು ಬದಲಾಗಿರಬೇಕು.

ನಗಬೇಡ. ಈ ಸಲ ಈ ಅಂಗಳ ನಿಲ್ಲಬೇಕು. ಒಂದು ಗಿಡವನ್ನಾದರೂ ಅವರು ನೋಡಿ, ಹೆಸರು ಹಿಡಿದು ಕರೆದು, ಅದರ ಪಾಡಿಗೆ ಅದನ್ನು ಬಿಡಬೇಕು. ನನಗೆ ಅಷ್ಟು ಸಾಕು.

ನಿನ್ನ ಅತ್ತಿಗೆ


ಮಾರ್ಚ್ ೧೫

ಅತ್ತಿಗೆಯವರಿಗೆ,

ಕ್ಷಮಿಸಿ, ನಕ್ಕೆ. ಬೇಲಿಯೇ ಎದ್ದು ಹೊಲ ಮೇಯ್ದ ಕಥೆ ಕೇಳಿದ್ದೆ, ನಮ್ಮ ಮನೆಯಲ್ಲೇ ನಡೆಯುತ್ತದೆ ಅಂತ ಗೊತ್ತಿರಲಿಲ್ಲ. ಆಳುಗಳು ಒಂದು ಎಲೆ ಮುರಿದರೂ ಮುಖ ಊದಿಸಿಕೊಳ್ಳುತ್ತಿದ್ದವನು ಒಂದು ಪಾತಿ ಹೂವನ್ನೇ ಕಿತ್ತನೇ?

ಪಾರ್ಸೆಲ್ ನಾಳೆ ಹೊರಡುತ್ತದೆ. ಮೆಟ್ಟಿಲ ಎಡಕ್ಕೆ ಡೇಲಿಯಾ, ಕಡುಕೆಂಪು, ಊಟದ ತಟ್ಟೆಯಷ್ಟು ಅಗಲದ ಹೂವು. ಬಲಕ್ಕೆ ಹಳದಿ ದಾಸವಾಳದ ಪೊದೆ, ಈಗಲೇ ಮೊಣಕಾಲೆತ್ತರ ಇದೆ, ಅದನ್ನು ಕಳೆ ಅನ್ನುವವನು ಇನ್ನೂ ಹುಟ್ಟಿಲ್ಲ. ಕಿಟಕಿ ಕೆಳಗೆ ನೇರಳೆ ಎಲೆಕೋಸು. ಅದರ ನಡುನಡುವೆ ಕೆಂಪು ದಂಟು, ಸಂಜೆ ಬಿಸಿಲು ಹಿಂದಿನಿಂದ ಬಿದ್ದರೆ ದಂಟೆಲ್ಲ ಉರಿಯುತ್ತದೆ. ಮನೆ ತೋಟಕ್ಕೆ ಗಿಡ ಆರಿಸುವಾಗ ಎಲ್ಲರೂ ಮಾಡುವ ತಪ್ಪು ನಾನು ಮಾಡುವುದಿಲ್ಲ. ಒಂದು ಪಾತಿಗೆ ಒಂದೇ ಒಂದು ಜೋರಿನ ಗಿಡ, ಮಿಕ್ಕದ್ದೆಲ್ಲ ಸುಮ್ಮನಿರಬೇಕು. ಒಂದೇ ಮನೆಯಲ್ಲಿ ಇಬ್ಬರು ಜೋರಿನವರಿದ್ದರೆ ಏನಾಗುತ್ತದೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು, ನಡುವೆ ಸಿಕ್ಕಿಕೊಂಡಿದ್ದ ಅಣ್ಣನಿಗೆ ಇನ್ನೂ ಚೆನ್ನಾಗಿ ಗೊತ್ತು.

ನನಗೊಂದು ಅನುಮಾನ. ಅವನಿಗೆ ನನ್ನ ಗಿಡಗಳು ಅಷ್ಟಕ್ಕಷ್ಟೇ. "ಮೆಣಸು ಮಾರೋದು ಅಂಗಡಿ ಹೂವು, ತೋಟದ ಹೂವಲ್ಲ" ಅಂತ ಹೋದ ಸಲ ಬಂದಾಗಲೂ ಅಂದಿದ್ದ. ಚೆಂಡುಹೂವಿನ ಬೀಜವೂ ನನ್ನದೇ ತಾನೇ? ಬೇಕೆಂದೇ ಕಿತ್ತಿದ್ದಾನೆ, ಕನ್ನಡಕದ ಮೇಲೆ ಯಾಕೆ ಗೂಬೆ ಕೂರಿಸುತ್ತೀರಿ. ಅವನ ಕೈಯಲ್ಲಿ ಒಂದು ಸಾಲು ಬರೆಸಿ ಕಳಿಸಿ. ಬೈದಿದ್ದರೂ ಪರವಾಗಿಲ್ಲ.

ನಿಮ್ಮ ಮೆಣಸು


ಏಪ್ರಿಲ್ ೨೦

ಪ್ರೀತಿಯ ಮೆಣಸು,

ಗಿಡಗಳು ಸುಖವಾಗಿ ಬಂದು ತಲುಪಿದವು. ಪ್ಯಾಕಿಂಗ್ ಬಿಚ್ಚಿದಾಗ ಒಂದು ಎಲೆಯೂ ಬಾಡಿರಲಿಲ್ಲ. ಪಕ್ಕದ ಮನೆ ಟೀಚರು ಬೇಲಿಯ ಆಚೆಯಿಂದ ನೋಡಿ, ನಿಮ್ಮ ನಾದಿನಿಯ ಕೈ ದೊಡ್ಡದು ಅಂದರು.

ಈಗ ಕೆಟ್ಟ ಸುದ್ದಿ. ಡೇಲಿಯಾಕ್ಕೆ ನಾನು ನೀರು ಹೆಚ್ಚು ಹಾಕಿದೆ ಅನ್ನಿಸುತ್ತದೆ, ಉಳಿಯಲಿಲ್ಲ. ಎಲೆಕೋಸಿಗೆ ಏನೋ ಹುಳು ಬಿತ್ತು. ದಂಟೂ ಹೋಯಿತು. ನನ್ನ ಕೈಗುಣ ಬಟ್ಟೆಗೆ ಸರಿ, ಗಿಡಕ್ಕಲ್ಲ.

ದಾಸವಾಳ ಇದೆ. ನಿನ್ನ ಅಣ್ಣ ಪ್ರತಿದಿನ ಅದರ ಮುಂದೆ ನಿಲ್ಲುತ್ತಾರೆ. ಮೊನ್ನೆ ಅದರ ಎಲೆಯನ್ನು ಬೆರಳಲ್ಲಿ ಹಿಡಿದುಕೊಂಡು "ಇದಕ್ಕೇನಂತಾರೆ?" ಅಂದರು. ದಾಸವಾಳ ಅಂದೆ. "ಗೊತ್ತು ಗೊತ್ತು. ನಿನಗೆ ಗೊತ್ತಾ ಅಂತ ಕೇಳಿದೆ" ಅಂದರು. ಇಬ್ಬರೂ ನಕ್ಕೆವು. ಆ ಪೊದೆಗೆ ಹೂವು ಬಂದರೆ ಎಷ್ಟು ಚೆನ್ನ ಅಂತ ಕಾಯುತ್ತಿದ್ದೇನೆ.

ಅವರಿಗೆ ಕಾಗದ ಬರೆಯಲು ಪುರುಸೊತ್ತಿಲ್ಲ. ನಿನ್ನ ಮೇಲೆ ಕೋಪ ಏನೂ ಇಲ್ಲ, ಸುಮ್ಮನೆ ಏನೇನೋ ಕಟ್ಟಿಕೊಳ್ಳಬೇಡ. ಇನ್ನೂ ಕಣ್ಣಿಗೆ ಹೊಡೆಯುವಂಥ ಗಿಡ ಏನಾದರೂ ಇದ್ದರೆ ಕಳಿಸು. ಬಣ್ಣ ಜೋರಾಗಿರಲಿ.

ನಿನ್ನ ಅತ್ತಿಗೆ


ಮೇ ೬

ಅತ್ತಿಗೆಯವರಿಗೆ,

ನೀವು ನನಗೆ ಸುಳ್ಳು ಹೇಳುತ್ತಿದ್ದೀರಿ. ಹೇಳಿ, ಪರವಾಗಿಲ್ಲ, ಆದರೆ ಗಿಡದ ವಿಷಯದಲ್ಲಿ ನನಗೆ ಸುಳ್ಳು ಹೇಳಲು ಹೋಗಬಾರದು. ಕಾಲು ಮುಚ್ಚುವಷ್ಟೂ ಎತ್ತರವಿಲ್ಲದ ಕೋಸಿನ ಸಸಿಯನ್ನು ಒಂದು ಸಾಲೂ ಬಿಡದೆ ತಿಂದು ಮುಗಿಸುವ ಹುಳು ಇನ್ನೂ ನನ್ನ ಕಣ್ಣಿಗೆ ಬಿದ್ದಿಲ್ಲ. ಡೇಲಿಯಾಕ್ಕೆ ನೀರು ಹೆಚ್ಚಾದರೆ ಗೆಡ್ಡೆ ಕೊಳೆಯಲು ಸಮಯ ಹಿಡಿಯುತ್ತದೆ, ಅಷ್ಟರಲ್ಲಿ ಹೆಡ್ ಮಾಲಿ ಏನು ಮಾಡುತ್ತಿದ್ದರು, ಪೇಪರು ಓದುತ್ತಿದ್ದರೇ?

ಕೀಳುತ್ತಿರುವುದು ಅಣ್ಣ. ಕಿತ್ತು ನನಗೆ ಪಾಠ ಹೇಳುತ್ತಿದ್ದಾನೆ. ನನ್ನನ್ನು ಮೊದಲ ಸಲ ಪಾರ್ಕಿಗೆ ಕರೆದುಕೊಂಡು ಹೋದಾಗ ಒಂದು ಬೇಸಿಗೆ ಪೂರ್ತಿ ಕಳೆ ಕೀಳಿಸಿದ, ನಿಮಗೆ ನೆನಪಿದೆಯಲ್ಲ. ಕೀಳೋಕೆ ಬರದವನ ಕೈಗೆ ನೆಡೋಕೆ ಕೊಡಲ್ಲ ಅನ್ನುವುದು ಅವನ ನಿಯಮ. ಹೊಸದಾಗಿ ಬಂದ ಆಳು ಯಾರೇ ಆಗಲಿ, ಓದಿದವರಾಗಲಿ ಓದದವರಾಗಲಿ, ಅವನ ಪಕ್ಕ ಮಂಡಿಯೂರಿ ಅದನ್ನೇ ಕಲಿಯಬೇಕಿತ್ತು. ಅಂಥವನ ತಂಗಿ ಅಂಗಡಿ ಹೂವು ಮಾರುತ್ತಾಳೆ ಅನ್ನುವುದು ಅವನಿಗೆ ಇನ್ನೂ ಅರಗಿಲ್ಲ.

ಇರಲಿ. ಈ ಪಾರ್ಸೆಲಿನಲ್ಲಿ ಒಂದೇ ಒಂದು ಗಿಡ ಇದೆ. ಗುಲಾಬಿ. ನಾನೇ ವರ್ಷಗಳಿಂದ ಆರಿಸಿ ಆರಿಸಿ ಉಳಿಸಿಕೊಂಡು ಬಂದದ್ದು, ನರ್ಸರಿಯಿಂದ ಹೊರಗೆ ಹೋಗುತ್ತಿರುವ ಈ ಜಾತಿಯ ಮೊದಲ ಗಿಡ. ಹೊರಗಿನ ಎಸಳು ಬಿಳಿ, ಒಳಗೆ ಹೋದ ಹಾಗೆ ಕೆಂಪು. ಮೊಗ್ಗು ಇರುವಾಗಲೇ ಕಳಿಸುತ್ತಿದ್ದೇನೆ, ಕಳೆ ಅಂದುಕೊಂಡೆ ಅನ್ನುವ ನೆಪವೂ ಅವನಿಗೆ ಇರಬಾರದು. ಇದಕ್ಕೆ ಇನ್ನೂ ಹೆಸರಿಲ್ಲ, ಅವನೇ ಇಡಲಿ. ಇಟ್ಟರೆ ಸಿಟ್ಟು ಇಳಿಯಿತು ಅಂತ ತಿಳಿಯುತ್ತೇನೆ. ಇದನ್ನೂ ಕಿತ್ತರೆ ಇನ್ನು ನಾನು ಬರೆಯುವುದಿಲ್ಲ.

ಮೆಣಸು


ಜೂನ್ ೧೧

ಮೆಣಸು,

ಗುಲಾಬಿಯನ್ನೂ ಕಿತ್ತರು. ಮುಳ್ಳು ಚುಚ್ಚಿ ಎರಡೂ ಅಂಗೈ ರಕ್ತವಾಗಿತ್ತು, ಆದರೂ ಬೇರು ಮುರಿಯಲು ಬಿಟ್ಟಿರಲಿಲ್ಲ. ಅದಕ್ಕೂ ಮೊದಲೇ ದಾಸವಾಳ ಹೋಗಿತ್ತು, ಅದನ್ನು ಸನಿಕೆ ತಂದು ಅಗೆದಿದ್ದರು.

ನೀನು ಅಂದುಕೊಂಡದ್ದೂ ತಪ್ಪು, ನಾನು ಹೇಳಿದ್ದೂ ಸುಳ್ಳು. ಕನ್ನಡಕ ಸರಿಯಾಗಿಯೇ ಇದೆ. ನಿನ್ನ ಅಣ್ಣನಿಗೆ ಮರೆವಿನ ಕಾಯಿಲೆ. ಹೋದ ವರ್ಷ ಮಗಳು ತನ್ನ ಆಸ್ಪತ್ರೆಗೇ ಕರೆದುಕೊಂಡು ಹೋಗಿ ತೋರಿಸಿದಳು. ಅವಳು ನರ್ಸು, ಡಾಕ್ಟರು ಬಾಯಿ ಬಿಡುವ ಮೊದಲೇ ಅವಳ ಮುಖ ನೋಡಿ ನನಗೆ ಗೊತ್ತಾಯಿತು. ನಿನಗೆ ಹೇಳಬೇಡ ಅಂದದ್ದು ಅವರೇ. "ಮೆಣಸಿಗೆ ಗೊತ್ತಾದ್ರೆ ನನ್ನನ್ನ ಒಣಗಿದ ಗಿಡ ನೋಡೋ ಹಾಗೆ ನೋಡ್ತಾಳೆ" ಅಂದಿದ್ದರು. ಈಗ ಹಾಗೆ ಅಂದದ್ದೂ ಅವರಿಗೆ ನೆನಪಿಲ್ಲ. ನೆನಪಿಲ್ಲದವರಿಗೆ ಕೊಟ್ಟ ಮಾತನ್ನು ಎಷ್ಟು ದಿನ ಕಾಯುವುದು ಅಂತ ನನಗೆ ತಿಳಿಯಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಗಿಡ ಹೋದರೆ ಹೋಗಲಿ. ನಮ್ಮ ಅಂಗಳ ಖಾಲಿಯಾದ ದಿನ ಬೇಲಿ ದಾಟಿ ಟೀಚರ ಪಾತಿಗೆ ಇಳಿದರು. ಅವರು ಮೂರು ತಿಂಗಳಿಂದ ಸಾಕಿದ್ದ ಟೊಮೇಟೊ ಗಿಡಗಳು, ಕಾಯಿ ಬಿಟ್ಟಿದ್ದವು. ಟೀಚರು ಜಗಳಕ್ಕೆ ಬರಲಿಲ್ಲ. ಆದರೆ ಅದೇ ಹೊತ್ತಿಗೆ ಮಗಳು ಬಂದಿದ್ದಳು, ಅವಳೇ ಬೇಲಿಯ ಆಚೆಯಿಂದ ಅಪ್ಪನನ್ನು ಕರೆದುಕೊಂಡು ಬಂದಳು. ಆಮೇಲೆ ಅಡುಗೆಮನೆಯಲ್ಲಿ ನನ್ನ ಮುಂದೆ ಕೂತು ಅತ್ತಳು. "ನಾಳೆ ರಸ್ತೆಗೆ ಹೋಗ್ತಾರಮ್ಮ. ನಾಡಿದ್ದು ಯಾರೋ ಕಳ್ಳ ಅಂದ್ಕೊಂಡು ಹೊಡೀತಾರೆ. ಆಗ ನೀನು ಏನು ಮಾಡ್ತೀಯ?" ಇಂಥವರನ್ನು ನೋಡಿಕೊಳ್ಳುವ ಒಂದು ಆರೈಕೆ ಮನೆಯಲ್ಲಿ ಅವಳು ಹೆಸರು ಬರೆಸಿದ್ದಾಳೆ. ಇನ್ನೊಂದು ಸಲ ಬೇಲಿ ದಾಟಿದರೆ ಅಲ್ಲಿಗೇ ಅಂತ ನನ್ನಿಂದ ಮಾತು ತೆಗೆದುಕೊಂಡಿದ್ದಾಳೆ.

ಮೂವರೂ ಹೋಗಿ ನೋಡಿ ಬಂದೆವು. ಚೊಕ್ಕಟವಾಗಿದೆ, ಮಾತಾಡಿಸುವವರು ಒಳ್ಳೆಯವರು. ಅಂಗಳಕ್ಕೆ ಪೂರ್ತಿ ಸಿಮೆಂಟು. ಬಾಗಿಲ ಪಕ್ಕ ಪ್ಲಾಸ್ಟಿಕ್ ಹೂವಿನ ಕುಂಡ ಇತ್ತು. ನಿನ್ನ ಅಣ್ಣ ಅದರ ಎಲೆಯನ್ನು ಬೆರಳಲ್ಲಿ ಉಜ್ಜಿ ನೋಡಿ, ಅಲ್ಲಿನ ಮೇಲ್ವಿಚಾರಕಿಯ ಮುಖ ನೋಡಿ, "ನೀರು ಹಾಕಬೇಡಿ, ಇದು ಹುಟ್ಟಲೇ ಇಲ್ಲ" ಅಂದರು. ಅವರಿಗೆ ಗೊತ್ತಾಯಿತಲ್ಲ ಅಂತ ನನಗೆ ಎಷ್ಟು ಸಂತೋಷವಾಯಿತು ಅಂದರೆ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಅವರನ್ನು ಆ ಸಿಮೆಂಟಿನ ಮೇಲೆ ಬಿಟ್ಟು ಬರಲು ನನ್ನಿಂದ ಆಗದು. ಅದಕ್ಕೇ ಗಿಡ ಗಿಡ ಅಂತ ನಿನ್ನ ಪ್ರಾಣ ತಿಂದೆ. ಒಂದೇ ಒಂದು ಗಿಡವನ್ನು ಅವರು ಗುರುತು ಹಿಡಿದು ಬಿಟ್ಟಿದ್ದರೂ, ನೋಡು, ಇನ್ನೂ ಇದ್ದಾರೆ ಅಂತ ಮಗಳಿಗೆ ತೋರಿಸಬಹುದಿತ್ತು. ನನಗೂ ತೋರಿಸಿಕೊಳ್ಳಬಹುದಿತ್ತು.

ಅತ್ತಿಗೆ


ಜೂನ್ ೧೯

ಅತ್ತಿಗೆ,

ಕಾಗದ ಓದಿ ಆಳುಗಳನ್ನೆಲ್ಲ ಮನೆಗೆ ಕಳಿಸಿದೆ. ಯಾಕೆ ಅಂತ ಅವರು ಕೇಳಲಿಲ್ಲ, ನನ್ನ ಮುಖವೇ ಹಾಗಿತ್ತೋ ಏನೋ. ಗುಲಾಬಿಯ ವಿಷಯ ಬಿಡಿ. ನೀವು ಒಬ್ಬರೇ ಒಂದು ವರ್ಷ ಇದನ್ನು ಹೊತ್ತುಕೊಂಡಿದ್ದಿರಿ, ನಾನು ಇಲ್ಲಿ ಕೂತು ಅಣ್ಣನಿಗೆ ಸಿಟ್ಟು ಅಂತ ಮುನಿಸಿಕೊಂಡಿದ್ದೆ. ಆಳು ಕಾಳಿನ ಮೇಲೆ ಕೂಗಾಡಿ ದಿನ ಕಳೆಯುವ ನನ್ನಂಥವಳಿಗೆ ನೀವು ಹೇಗೆ ಹೇಳಿಯೀರಿ.

ಆದರೆ ಕೈ ಕಟ್ಟಿ ಕೂರುವುದು ನನಗೆ ಬರುವುದಿಲ್ಲ. ಯೋಚನೆ ಮಾಡಿದೆ. ನೀವು ನೆಟ್ಟದ್ದನ್ನು ಅವನು ಕೀಳುತ್ತಾನೆ, ಯಾಕೆಂದರೆ ತಾನು ನೆಟ್ಟಿಲ್ಲ. ಹಾಗಿದ್ದರೆ ಅವನೇ ನೆಡಲಿ! ಬಣ್ಣ ಹುಡುಕಿದ್ದು ನಮ್ಮ ತಪ್ಪು, ಕೈ ಹುಡುಕಬೇಕಿತ್ತು. ದೊಡ್ಡ ಬೀಜದವನ್ನು ಆರಿಸಿ ಕಳಿಸುತ್ತಿದ್ದೇನೆ, ಬೆರಳಿಗೆ ಸಿಗುವಂಥವು: ಸೂರ್ಯಕಾಂತಿ, ಕುಂಬಳ, ಬೀನ್ಸ್. ಬೇಗ ಏಳುತ್ತವೆ, ಎದ್ದ ಮೇಲೆ ಏನು ಅಂತ ಯಾರಿಗಾದರೂ ತಿಳಿಯುತ್ತದೆ. ಜೊತೆಗೆ ಒಂದಷ್ಟು ಸೂರ್ಯಕಾಂತಿ ಸಸಿಗಳೂ ಇವೆ, ಅದೇ ದಿನ ಪಾತಿ ತುಂಬಿ ಕಾಣಲಿ ಅಂತ. ಪಾರ್ಕಿನಲ್ಲಿ ಹಾಕುತ್ತಿದ್ದನಲ್ಲ, ಮರದ ಪಟ್ಟಿಯ ಮೇಲೆ ಗಿಡದ ಹೆಸರು, ಆ ಥರದ ಪಟ್ಟಿಗಳೂ ಇವೆ. ಹೆಸರು ಅವನ ಕೈಯಲ್ಲೇ ಬರೆಸಿ. ತನ್ನ ಅಕ್ಷರ ಕಂಡರೆ ಮುಟ್ಟುವುದಿಲ್ಲ.

ಆ ಆರೈಕೆ ಮನೆಯವರಿಗೆ ಈಗಲೇ ಏನೂ ಹೇಳಬೇಡ ಅಂತ ಮಗಳಿಗೆ ಹೇಳಿ. ಸೋದರತ್ತೆ ಕೇಳಿಕೊಂಡಳು ಅನ್ನಿ.

ಮೆಣಸು


ಜುಲೈ ೨೪

ಪ್ರೀತಿಯ ಮೆಣಸು,

ನೀನು ಹೇಳಿದ ಹಾಗೆಯೇ ಮಾಡಿದೆವು. ಅವರು ನೆಡುವುದನ್ನು ನೀನು ನೋಡಬೇಕಿತ್ತು. ಹಗ್ಗ ಕಟ್ಟಿ ಗೆರೆ ಎಳೆದರು. ಪ್ರತಿ ಸಸಿಯ ಬುಡವನ್ನು ಎರಡೂ ಹೆಬ್ಬೆರಳಿನಿಂದ ಅದುಮಿದರು. ಪಟ್ಟಿಗಳ ಮೇಲೆ ದುಂಡಗೆ ಹೆಸರು ಬರೆದರು, ಒಂದು ಒತ್ತಕ್ಷರವೂ ತಪ್ಪಲಿಲ್ಲ. ಮುಗಿಸಿ ಸೊಂಟಕ್ಕೆ ಕೈ ಕೊಟ್ಟು ನಿಂತು, "ಇನ್ನು ಇದರ ತಂಟೆಗೆ ಯಾರೂ ಬರಬಾರದು" ಅಂದರು. ನಾನು ಮಗಳಿಗೆ ಫೋನು ಮಾಡಿ ಹೇಳಿದೆ. ಅವಳ ದನಿಯಲ್ಲೂ ಸ್ವಲ್ಪ ಆಸೆ ಕಂಡಿತು.

ಬೆಳಿಗ್ಗೆ ಎದ್ದು ನೋಡಿದರೆ ಕೀಳುತ್ತಿದ್ದರು. ನೀವೇ ನೆಟ್ಟದ್ದು ಅಂದೆ. ಪಟ್ಟಿ ತೋರಿಸಿದೆ. ಓದಿದರು. "ಅಕ್ಷರ ಚೆನ್ನಾಗಿದೆ, ಯಾರು ಬರೆದದ್ದು?" ಅಂತ ಕೇಳಿ, ಪಟ್ಟಿಯನ್ನೂ ಎಳೆದು ಸಾಲಿನಲ್ಲಿ ಮಲಗಿಸಿದರು. ಮಾರನೆಯ ದಿನ ಮತ್ತೆ ನೆಡಿಸಿದೆ. ಮತ್ತೆ ಕಿತ್ತರು. ಬೀಜಗಳನ್ನೂ ಹುಡುಕಿ ಹುಡುಕಿ ತೆಗೆದರು. ಎಷ್ಟು ಸಲ ಅಂತ ಬರೆಯುವುದಿಲ್ಲ. ಕೊನೆಗೆ ನೆಡಿಸುವುದನ್ನು ಬಿಟ್ಟೆ, ನೆಡುವಾಗಿನ ಅವರ ಮುಖ ನೋಡಲು ನನ್ನಿಂದ ಆಗಲಿಲ್ಲ.

ಪಾತಿ ಖಾಲಿ ಬಿದ್ದ ಮೇಲೆ ಅಂಗಳದಲ್ಲಿ ಅತ್ತಿಂದಿತ್ತ ತಿರುಗಿದರು. ಏನೋ ಕಳೆದುಕೊಂಡವರ ಹಾಗೆ ಮಣ್ಣು ಕೆದಕಿದರು. ಆಮೇಲೆ ಬೇಲಿ ದಾಟಿದರು. ಈ ಸಲ ಟೀಚರೇ ಕೈ ಹಿಡಿದು ಕರೆದುಕೊಂಡು ಬಂದು, "ಬಿಡಿ, ನನ್ನ ತೋಟದಲ್ಲೂ ಕಳೆ ಜಾಸ್ತಿ ಆಗಿತ್ತು" ಅಂದರು. ಅಂಥ ಒಳ್ಳೆಯ ಮಾತು ಬೈಗುಳಕ್ಕಿಂತ ಹೆಚ್ಚು ಚುಚ್ಚುತ್ತದೆ ಅಂತ ಅವತ್ತು ಗೊತ್ತಾಯಿತು.

ಮಗಳಿಗೆ ನಾನೇ ಹೇಳಿದೆ. ಮಾತು ಕೊಟ್ಟಿದ್ದೆನಲ್ಲ. ಸೆಪ್ಟೆಂಬರಿನಲ್ಲಿ ಅಲ್ಲಿ ಒಂದು ಹಾಸಿಗೆ ಖಾಲಿಯಾಗುತ್ತದಂತೆ. ಹೇಗೆ ಖಾಲಿಯಾಗುತ್ತದೆ ಅಂತ ನಾನು ಕೇಳಲಿಲ್ಲ.

ಅತ್ತಿಗೆ


ಆಗಸ್ಟ್ ೨

ಅತ್ತಿಗೆ,

ಇವತ್ತು ನರ್ಸರಿಯನ್ನೆಲ್ಲ ಒಂದು ಸುತ್ತು ಹಾಕಿದೆ, ನಿಮಗೆ ಯಾವುದನ್ನು ಕಳಿಸಲಿ ಅಂತ. ನೆರಳಿನ ಮನೆ, ಬಿಸಿಲಿನ ಸಾಲು, ಪೊದೆಗಳ ಸಾಲು. ಯಾವ ಗಿಡದ ಮುಂದೆ ನಿಂತರೂ ಅದು ಬೇರು ಮೇಲಾಗಿ ಮಲಗಿದ ಹಾಗೇ ಕಾಣುತ್ತದೆ. ಗಿರಾಕಿ ಒಬ್ಬರು ಬಂದು, ಮನೆ ಮುಂದೆ ಎದ್ದು ಕಾಣುವಂಥದ್ದು ಏನಾದರೂ ಕೊಡಿ ಅಂದರು. ಒಳಗೆ ಹೋಗಿಬಿಟ್ಟೆ.

ನಾನು ಬರಲೇ? ಬರಬೇಕು ಅಂತ ಬ್ಯಾಗು ತೆಗೆದಿಟ್ಟು ಮತ್ತೆ ಒಳಗಿಟ್ಟೆ. ಹೆದರಿಕೆ ಅತ್ತಿಗೆ. ಅವನು ಇಟ್ಟ ಹೆಸರಿನಿಂದಲೇ ನನ್ನನ್ನು ಎಲ್ಲರೂ ಕರೆಯುವುದು. ಅವನೇ ಯಾರು ಅಂತ ಕೇಳಿದರೆ ನಾನು ಏನು ಹೇಳಲಿ?

ಮೆಣಸು


ಆಗಸ್ಟ್ ೧೪

ಪ್ರೀತಿಯ ಮೆಣಸು,

ನಿನ್ನನ್ನು ಒಂದು ಕೇಳಬೇಕು. ಕೇಳಿ ನೀನು ಬೇಜಾರು ಮಾಡಿಕೊಳ್ಳುತ್ತೀಯ ಅಂತಲೂ ಗೊತ್ತು.

ಮೊನ್ನೆ ಬಟ್ಟೆ ಒಣಹಾಕಲು ಅಂಗಳಕ್ಕೆ ಬಂದಿದ್ದೆ. ಬಿಸಿಲು ಅಂತ ಅವರ ಹಳೆಯ ಟೋಪಿ, ಅವರ ಹಳೆಯ ಅಂಗಿ ಹಾಕಿಕೊಂಡಿದ್ದೆ. ಪಾತಿಯಲ್ಲಿ ಮಳೆಗೆ ಎದ್ದ ನಿಜವಾದ ಕಳೆಯೇ ಒಂದಷ್ಟು ಇತ್ತು. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹೊಸಬಳಾ? ಯಾವಾಗ ಬಂದೆ?" ಅಂದರು. ಇವತ್ತೇ ಅಂದೆ. "ಮೊದಲು ಕೀಳೋದು ಕಲಿ. ನೆಡೋದು ಆಮೇಲೆ" ಅಂದರು. ಪಕ್ಕದಲ್ಲಿ ಕೂರಿಸಿಕೊಂಡು ನನ್ನ ಬೆರಳು ಹಿಡಿದು ತೋರಿಸಿದರು. ಬುಡದಲ್ಲಿ ಹಿಡಿ, ಸ್ವಲ್ಪ ತಿರುಗಿಸು, ಅವಸರ ಮಾಡಬೇಡ, ಅದಾಗೇ ಬರುತ್ತೆ. ಮೆಣಸು, ನಮ್ಮ ಮದುವೆಯಾಗಿ ಇಷ್ಟು ವರ್ಷವಾಯಿತು, ಇಷ್ಟು ನಿಧಾನವಾಗಿ ಅವರು ನನಗೆ ಯಾವುದನ್ನೂ ಹೇಳಿಕೊಟ್ಟಿರಲಿಲ್ಲ. ಮಧ್ಯಾಹ್ನದವರೆಗೂ ಕಿತ್ತೆವು. ಬೇಲಿಯ ಕಡೆ ತಿರುಗಿಯೂ ನೋಡಲಿಲ್ಲ.

ಅದರ ಮಾರನೆಯ ದಿನ ಕೀಳಲು ಏನೂ ಉಳಿದಿರಲಿಲ್ಲ. ನಾನು ಸಂತೆಯಿಂದ ಸೊಪ್ಪಿನ ಸಸಿ ತಂದು ಸಂಜೆ ನೆಟ್ಟೆ. ಬೆಳಿಗ್ಗೆ ಇಬ್ಬರೂ ಕೂತು ಕಿತ್ತೆವು. ಈಗ ದಿನವೂ ಇದೇ. ಸಂಜೆ ನೆಡುತ್ತೇನೆ, ಬೆಳಿಗ್ಗೆ ಅವರ ಜೊತೆ ಕೂತು ಅದನ್ನೇ ಕೀಳುತ್ತೇನೆ.

ಹಾಗಾಗಿ ಎದ್ದು ಕಾಣುವಂಥದ್ದು ಇನ್ನು ಬೇಡ. ಗಟ್ಟಿ ಜಾತಿ, ಒಳ್ಳೆಯ ಜಾತಿ ಯಾವುದೂ ಬೇಡ. ಬೇರು ಆಳಕ್ಕೆ ಹೋಗದಂಥವು, ಮುಳ್ಳಿಲ್ಲದವು, ವಯಸ್ಸಾದ ಕೈಗೆ ಸುಲಭವಾಗಿ ಬರುವಂಥವು ಕಳಿಸು. ಹೆಚ್ಚು ಕಳಿಸು. ಅವು ಬೆಳೆಯುವುದು ಬೇಕಾಗಿಲ್ಲ.

ಅತ್ತಿಗೆ


ಆಗಸ್ಟ್ ೨೩

ಅತ್ತಿಗೆ,

ಬೇಜಾರಿಲ್ಲ. ಟ್ರೇಗಳು ಹೊರಟಿವೆ.

ನನ್ನ ಕಸುಬು ಅಂದರೆ ಆರಿಸುವುದು. ಒತ್ತಾಗಿ ಎದ್ದ ಸಸಿಗಳಲ್ಲಿ ಬಲವಾದದ್ದನ್ನು ಉಳಿಸಿ ಬಡಕಲನ್ನು ಕಿತ್ತು ಎಸೆಯುತ್ತೇನೆ. ಎಷ್ಟೋ ಎಸೆದಿದ್ದೇನೆ, ಒಂದು ದಿನವೂ ತಿರುಗಿ ನೋಡಿಲ್ಲ. ಇವತ್ತು ಎಸೆಯುವ ರಾಶಿಯ ಮುಂದೆ ಕೂತು ಆರಿಸಿದೆ. ಮೂಲಂಗಿ ಬೇಡ, ಬೇರು ಇಳಿಯುತ್ತದೆ. ದಂಟು ಆಗಬಹುದು, ಎಳೆಯದಾಗಿದ್ದರೆ. ಜೀನಿಯಾ ಒಳ್ಳೆಯದು, ಮುಟ್ಟಿದರೆ ಬರುತ್ತದೆ. ಸಾಸಿವೆಯ ಸಸಿ ಎಲ್ಲಕ್ಕಿಂತ ಒಳ್ಳೆಯದು, ಹೂವಿನ ಹಾಗೆ ಕೈಗೆ ಬರುತ್ತದೆ. ಇಷ್ಟು ಜೋಪಾನವಾಗಿ ನಾನು ಯಾವ ಗಿರಾಕಿಗೂ ಆರಿಸಿಲ್ಲ. ಆಳುಗಳು ನೋಡಿ, ಅಮ್ಮಾವ್ರು ತಲೆ ಕೆಟ್ಟು ಕಸ ಪ್ಯಾಕು ಮಾಡ್ತಿದ್ದಾರೆ ಅಂದುಕೊಂಡಿರಬೇಕು. ವಾರಕ್ಕೊಮ್ಮೆ ಕಳಿಸುತ್ತೇನೆ.

ಮುಂದಿನ ತಿಂಗಳು ನಾನೂ ಬರುತ್ತೇನೆ. ತಂಗಿ ಅಂತ ಹೇಳಬೇಡಿ. ಇನ್ನೊಬ್ಬಳು ಆಳು ಬಂದಿದ್ದಾಳೆ ಅನ್ನಿ. ಹೊಸ ಆಳಿನ ಹೆಸರು ಗೊತ್ತಿರಬೇಕು ಅಂತ ಯಾರೂ ಬಯಸುವುದಿಲ್ಲ, ನಾನೂ ಬಯಸುವುದಿಲ್ಲ.

ಮೆಣಸು


ಸೆಪ್ಟೆಂಬರ್ ೨೦

ಪ್ರೀತಿಯ ಮೆಣಸು,

ಬಾ. ಆದರೆ ಇಲ್ಲಿ ಸಂಜೆ ಹೇಗಿರುತ್ತದೆ ಅಂತ ತಿಳಿದುಕೊಂಡು ಬಾ.

ಆರೈಕೆ ಮನೆಯ ಹಾಸಿಗೆ ಖಾಲಿಯಾಯಿತು ಅಂತ ಮಗಳು ಬಂದಿದ್ದಳು. ಬೆಳಿಗ್ಗೆಯ ನಮ್ಮ ಕೆಲಸವನ್ನು ಬಾಗಿಲಲ್ಲಿ ನಿಂತು ನೋಡಿದಳು. ಚಳಿ ಬೀಳುವವರೆಗೆ ಇರಲಿ ಅಂತ ಅವಳೇ ಅಂದಳು. ಮಳೆ ನಿಂತು ಚಳಿ ಬಿದ್ದರೆ ನೆಲ ಒಣಗಿ ಗಟ್ಟಿಯಾಗುತ್ತದೆ, ಸಸಿಯೂ ನಿಲ್ಲುವುದಿಲ್ಲ, ಅವರಿಗೆ ಅಂಗಳದಲ್ಲಿ ಕೆಲಸವೂ ಇರುವುದಿಲ್ಲ. ಅಲ್ಲಿಂದ ಮುಂದಕ್ಕೆ ವಾದ ಮಾಡಲು ನನ್ನ ಹತ್ತಿರ ಏನೂ ಉಳಿದಿಲ್ಲ. ಹೂಂ ಅಂದೆ. ನೀನು ಎಷ್ಟು ಟ್ರೇ ಕಳಿಸಿದರೂ ಅದು ಅಲ್ಲಿಯವರೆಗೆ ಮಾತ್ರ.

ನಿನ್ನೆ ಸಂಜೆ ಮುಂದಿನ ಟ್ರೇ ಬಿಚ್ಚಿ ನೆಡುತ್ತಿದ್ದೆ. ಅವರು ಸಾಮಾನ್ಯವಾಗಿ ಆ ಹೊತ್ತಿಗೆ ಒಳಗಿರುತ್ತಾರೆ, ನಿನ್ನೆ ಹೊರಗೆ ಬಂದರು. ಗಾಬರಿಯಾಗಿ ಸನಿಕೆ ಬಚ್ಚಿಟ್ಟೆ. ಅವರು ಪಾತಿಯ ಕಡೆ ನೋಡಲೇ ಇಲ್ಲ. ಆಕಾಶ ನೋಡಿ, "ಇವತ್ತಿಗೆ ಸಾಕು. ಕತ್ತಲಾಗೋದ್ರೊಳಗೆ ಹೊರಡು. ಮನೇಲಿ ಗಂಡ ಕಾಯ್ತಿರ್ತಾನೆ" ಅಂದರು. ಗೇಟಿನವರೆಗೂ ಬಂದು ನನ್ನನ್ನು ಬೀದಿಗೆ ಬಿಟ್ಟರು. ನಾಳೆ ಬೇಗ ಬಾ ಅಂತ ಹೇಳಿ ಒಳಗಿಂದ ಚಿಲಕ ಹಾಕಿಕೊಂಡರು.

ಬೀದಿಯಲ್ಲಿ ನಿಂತೆ, ಟೋಪಿ ಹಾಕಿಕೊಂಡು, ಮಣ್ಣಾದ ಕೈಯಲ್ಲಿ. ಅವರು ಮೆಟ್ಟಿಲು ಹತ್ತಿ ಒಮ್ಮೆ ತಿರುಗಿ ನೋಡಿದರು. ನಾನು ಹೊರಟವಳ ಹಾಗೆ ನಾಲ್ಕು ಹೆಜ್ಜೆ ನಡೆದೆ. ಆಮೇಲೆ ಟೀಚರ ಅಂಗಳಕ್ಕೆ ಹೋಗಿ, ಟೀಚರು ನೋಡುತ್ತಿದ್ದಂತೆಯೇ ಬೇಲಿ ದಾಟಿ, ಹಿಂಬಾಗಿಲಿಂದ ಮನೆಗೆ ಬಂದೆ. ಈ ಸಲ ಬೇಲಿ ದಾಟಿದವಳು ನಾನು. ಟೋಪಿ ತೆಗೆದು, ಕೈ ತೊಳೆದು, ಬಟ್ಟೆ ಬದಲಾಯಿಸಿ ಅಡುಗೆಮನೆಗೆ ಹೋದೆ. ಮೇಜಿನ ಮುಂದೆ ಕೂತಿದ್ದರು. ನನ್ನನ್ನು ನೋಡಿದ ಕೂಡಲೇ, "ಎಲ್ಲಿ ಹೋಗಿದ್ದೆ ಇಷ್ಟು ಹೊತ್ತು?" ಅಂದರು. ಮೆಣಸು, ನನ್ನನ್ನೇ ಅಂದದ್ದು. ಹೆಂಡತಿಯನ್ನು.

ಇಲ್ಲೇ ಇದ್ದೆ ಅಂದೆ. ಸ್ವಲ್ಪ ಹೊತ್ತಾದ ಮೇಲೆ ಧೈರ್ಯ ಮಾಡಿ, ಹೊಸ ಆಳು ಹೇಗಿದ್ದಾಳೆ ಅಂತ ಕೇಳಿದೆ.

"ಕಲೀತಾಳೆ, ಕೈ ಒಳ್ಳೇದು" ಅಂದರು. ಆಮೇಲೆ ಏನೋ ಯೋಚನೆ ಮಾಡಿ, "ಪಾಪ, ಅವಳಿಗೆ ಮನೇಲಿ ಯಾರೂ ಇಲ್ಲ ಅನ್ಸುತ್ತೆ ಕಣೇ. ಹೋಗು ಅಂದ್ರೂ ಗೇಟ್ ಹತ್ರಾನೇ ನಿಂತಿದ್ದಳು" ಅಂದರು.

ನಾನು ತಟ್ಟೆ ಹಾಕಿ ಬಡಿಸಿದೆ.

ನಿನ್ನ ಅತ್ತಿಗೆ